ದಾಸವಾಳಕ್ಕೆ ಕಸಿ

ಕೆಂಚಮ್ಮನ ತಾತ ಚಂದ್ರಯ್ಯ ದೋಣಿಗಲ್ ಇಳಿಜಾರಿನಲ್ಲಿ ಕಾಡು ಸವರಿ ಕಾಫಿ ನೆಟ್ಟವನು. ಅಪ್ಪ ಲಿಂಗಪ್ಪ ಮುಗಿಲೆತ್ತರದ ಮರವೇರಿ ನೆರಳಿನ ಕೊಂಬೆ ಕಡಿಯುವ ಮರಗಸಿಯಲ್ಲಿ ಹೆಸರಾದವನು. ಅವನು ಕಡಿದ ಕೊಂಬೆ ಕೆಳಗಿನ ಕಾಫಿಯ ಒಂದು ರೆಂಬೆಯನ್ನೂ ಮುರಿಯುತ್ತಿರಲಿಲ್ಲವೆಂದು ಆನೇಮಹಲ್‌ವರೆಗೂ ಮಾತಿತ್ತು. ಮಗಳ ಕೈಗೆ ಬಂದದ್ದು ಕಾಫಿ ಗಿಡ ಸವರುವ ಗಿಡಗಸಿ. ರಂಗಸ್ವಾಮಿ ಗೌಡರ ಎಸ್ಟೇಟಿನಲ್ಲಿ ಅವಳು ಕತ್ತರಿ ಹಿಡಿದು ಮುಂದೆ ನಡೆದರೆ ಉಳಿದ ಹೆಂಗಸರು ಹಿಂದೆ. ಆ ಮುಂದಾಳುತನವೊಂದೇ ಅವಳ ಆಸ್ತಿ.

ತೊಂಬತ್ತೆಂಟರಲ್ಲಿ ಗೌಡರು ಬಯಲುಸೀಮೆಯಿಂದ ಸೊಸೆ ತಂದುಕೊಂಡರು, ಪುಷ್ಪಾ. ಬಂಗಲೆಯ ಮುಂದಿನ ಕೆಂಪು ದಾಸವಾಳ ಒಂದೇ ಮಗ್ಗುಲಿಗೆ ವಾಲಿ ಗೂನು ಮುದುಕಿಯಂತಿತ್ತು.

"ಕೆಂಚಮ್ಮ, ಕಸಿಗೆ ನಿನ್ನದು ಎತ್ತಿದ ಕೈಯಂತೆ. ಇದಕ್ಕೆ ಕಸಿ ಮಾಡು, ಸಂಜೆ ಬರ್ತೀನಿ."

"ಈಗ ಬ್ಯಾಡ ಕಣವ್ವ, ಒಂದು ಮಳೆ ಬೀಳ್ಲಿ. ಈ ಬಿಸಿಲಿಗೆ ಗಾಯ ಮಾಯಾಕಿಲ್ಲ."

"ಹೇಳಿದ್ದು ಮಾಡು, ಸಾಕು."

ಕೆಂಚಮ್ಮ ಮಾಡಿದಳು. ಒಣಗಿದ್ದನ್ನು ಬುಡಕ್ಕೇ ತೆಗೆದಳು. ಒಂದಕ್ಕೊಂದು ಉಜ್ಜುವ ಕೊಂಬೆಗಳಲ್ಲಿ ಬಡವಾದದ್ದನ್ನು ಕಳೆದು, ನಡುವೆ ಬೆಳಕಿಗೆ ದಾರಿ ಬಿಟ್ಟಳು. ವಾಲಿದ ಮಗ್ಗುಲನ್ನು ಚಿಗುರೊಡೆಯುವ ಹೊರಮುಖದ ಕಣ್ಣು ನೋಡಿ, ಅದರ ಮೇಲೆ ಓರೆಯಾಗಿ ಕತ್ತರಿಸಿದಳು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮುಟ್ಟಲಿಲ್ಲ. ಸೊಟ್ಟ ಗಿಡವನ್ನು ಒಂದೇ ವರ್ಷದಲ್ಲಿ ನೆಟ್ಟಗೆ ಮಾಡಹೊರಟವರು ಗಿಡವನ್ನೇ ಕಳೆದುಕೊಳ್ಳುತ್ತಾರೆ.

ಸಂಜೆ ಪುಷ್ಪಾ ಜೀಪಿನಿಂದಿಳಿದಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಳದಿ ದಾಸವಾಳದ ಕಡ್ಡಿಗಳೊಂದಿಗೆ.

"ಅಯ್ಯೋ! ಮೊಗ್ಗೆಲ್ಲ ನೆಲದ ಮೇಲೆ! ಹಳದೀನ ಕಸಿ ಕಟ್ಟಿಸೋಣ ಅಂದ್ರೆ ಬೋಳಿಸಿಟ್ಟಿದ್ದೀಯಲ್ಲೇ!"

"ನಮ್ ಕಡೆ ಕಸಿ ಅಂದ್ರೆ ಕಡಿಯೋದೇ ಕಣ್ರವ್ವ, ಕಟ್ಟೋದಲ್ಲ."

ಗೌಡರು ಜಗಲಿಯಲ್ಲೇ ಕೂತಿದ್ದರು. ಮಾತು ಬಂದಾಗಿನಿಂದ ಅವರೂ ಕಡಿಯುವುದಕ್ಕೇ ಕಸಿ ಎಂದವರು. ಕೆಂಚಮ್ಮ ಅವರ ಮುಖ ನೋಡಿದಳು. ಗೌಡರು ಸೊಸೆಯ ಮುಖ ನೋಡಿದರು.

"ಕೇಳಿ ಮಾಡ್ಬಾರದಿತ್ತೇನೇ ಕೆಂಚಿ? ಕತ್ತರಿ ಸ್ಟೋರಿಗೆ ಕೊಡು. ನಾಳೆಯಿಂದ ಕಳೆ ತೆಗಿ."

ಮರುದಿನ ಅವಳಲ್ಲೇ ಕೆಲಸ ಕಲಿತ ಹುಲಿಯಮ್ಮ ಕತ್ತರಿ ಹಿಡಿದು ಮುಂದೆ ನಡೆದಳು. ಕೆಂಚಮ್ಮ ಬಗ್ಗಿ ಹುಲ್ಲು ಕಿತ್ತಳು.

"ಏನಕ್ಕಾ, ನಿಂಗೂ ಕಸಿ ಆಗ್ಬುಡ್ತಾ?" ಎಂದು ಕೂಲಿಲೈನಿನ ಹೆಂಗಸರು ನಕ್ಕರು. ಅವರಲ್ಲಿ ಅರ್ಧ ಜನಕ್ಕೆ ಕತ್ತರಿ ಹಿಡಿಯಲು ಕಲಿಸಿದವಳು ಅವಳೇ.

ತೋಟದ ಲೆಕ್ಕ ಬರೆಯುವ ರೈಟರ್ ಕೃಷ್ಣಪ್ಪ ಮಾತ್ರ ನಗಲಿಲ್ಲ. ಮಧ್ಯಾಹ್ನ ಸಾಲಿನ ಬದಿಗೆ ಬಂದು ದನಿ ತಗ್ಗಿಸಿದ. "ಗೌಡ್ರಿಗೆ ನಾನೊಂದು ಮಾತು ಹೇಳ್ತೀನಿ ಕಣಮ್ಮ. 'ಕೆಂಚಮ್ಮ ತಪ್ಪಾಯ್ತು ಅಂದ್ಳು' ಅಂದ್ರೆ ಮುಗೀತು, ಕತ್ತರಿ ವಾಪಸ್ ಕೊಡ್ತಾರೆ."

ಕೆಂಚಮ್ಮ ಸೊಂಟ ನೆಟ್ಟಗೆ ಮಾಡಿದಳು.

"ಬ್ಯಾಡ ಕಣ್ರೀ ರೈಟ್ರೆ. ನಾನು ಆಡ್ದೇ ಇರೋ ಮಾತನ್ನ ನೀವ್ಯಾಕೆ ಆಡ್ತೀರಿ? ಕಸಿ ಅಂದ್ರೇನು ಅಂತ ಗೌಡ್ರಿಗೆ ಗೊತ್ತೈತೆ. ಗೊತ್ತಿದ್ದೂ ಬಾಯಿ ಬುಡದೋರ ಕೈಯಿಂದ ನಂಗೆ ಕತ್ತರಿ ಬ್ಯಾಡ. ಹೋಗಿ, ನಿಮ್ ಕೆಲ್ಸ ನೋಡ್ಕಳಿ."