ರೈಲು ನೋಡಿ ಜೋನ್ ಆರಿಸಿದ್ದು

ಅಂದರೆ, ಕಪ್ ಕೈತಪ್ಪಿದ್ದು ನಮ್ಮ ಆಟ ಕೆಟ್ಟದ್ದರಿಂದಲ್ಲ, ಜೋನ್ ಬದಲಾಯಿಸಿದ್ದರಿಂದ. ನಿನ್ನೆ ಈ ಬ್ಲಾಗಿನಲ್ಲಿ ಅಷ್ಟುದ್ದ ಬರೆದೂ ಮುಖ್ಯವಾದ ಇದನ್ನೇ ಬಿಟ್ಟುಬಿಟ್ಟಿದ್ದೆ.

ಅರಸೀಕೆರೆಯ ನಮ್ಮ ಕಾಲೇಜಿನ ಫುಟ್‌ಬಾಲ್ ಟೀಮಿನಲ್ಲಿ ನಾನು ಆಟಗಾರನೂ ಹೌದು, ಸೆಕ್ರೆಟರಿಯೂ ಹೌದು. ಅರವತ್ತರ ದಶಕದ ಮೊದಲ ವರ್ಷಗಳು... ಇಸವಿ ಸರಿಯಾಗಿ ನೆನಪಿಲ್ಲ. ನನ್ನಾಕೆ ಬದುಕಿದ್ದರೆ ಕೇಳಬಹುದಿತ್ತು. ನನ್ನ ಇಸವಿಗಳೆಲ್ಲ ಅವಳ ಹತ್ತಿರವೇ ಇರುತ್ತಿದ್ದವು.

ಕಾಲೇಜು ಪಂದ್ಯಗಳಿಗೆ ಊರುಗಳನ್ನು ಜೋನ್‌ಗಳಾಗಿ ಹಂಚಿದ್ದರು, ಆಗ ನಾವು ಆಡುತ್ತಿದ್ದದ್ದು ಚಿಕ್ಕ ಜೋನಿನಲ್ಲಿ. ನಾಲ್ಕೇ ಕಾಲೇಜು. ಯಾರಿಗೂ ದೂರವಾಗಬಾರದೆಂದು ಪಂದ್ಯಗಳೆಲ್ಲ ಬೇಲೂರಿನಲ್ಲಿ. ಆಡುತ್ತಿದ್ದದ್ದು ಬರಿಗಾಲಲ್ಲಿ, ನೋಡಲು ಬರುತ್ತಿದ್ದವರು ಹತ್ತು ಜನ, ಮೂರು ದನ.

ಆದರೆ ಪ್ರತಿ ವರ್ಷ ಕಪ್ ನಮ್ಮದೇ.

ಕಪ್ ತಂದ ಹುಡುಗರಿಗೆ ಮುಂದಿನ ವರ್ಷದ ಫೀಸು ಮಾಫಿ. ಇದು ನಮ್ಮ ಪ್ರಿನ್ಸಿಪಾಲರು ಮಾಡಿದ್ದ ಪದ್ಧತಿ. ನನ್ನಪ್ಪ ರೈಲ್ವೆಯಲ್ಲಿ ಗೂಡ್ಸ್ ಕ್ಲರ್ಕ್, ಮಾಫಿ ಇಲ್ಲದಿದ್ದರೂ ನನ್ನ ಓದು ನಡೆಯುತ್ತಿತ್ತು. ಮಾಫಿಯನ್ನೇ ನಂಬಿ ಓದುತ್ತಿದ್ದವನು ಒಬ್ಬನೇ, ನಮ್ಮ ಗೋಲ್‌ಕೀಪರ್, ಜಾವಗಲ್ಲಿನ ರಂಗಸ್ವಾಮಿ.

ಆ ವರ್ಷ ಮೈಸೂರಿನ ದೊಡ್ಡ ಜೋನಿಗೆ ಸೇರುತ್ತೀರಾ ಎಂದು ಕಾಗದ ಬಂತು. ಅಲ್ಲಿ ಟಿಕೆಟ್ ಇಟ್ಟು ಪಂದ್ಯ ಆಡಿಸುತ್ತಾರೆ, ಬಂದ ದುಡ್ಡಿನಲ್ಲಿ ಸೋತವರಿಗೂ ಪಾಲು ಕೊಡುತ್ತಾರೆ. ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಗೋಲ್ಡನ್ ಏನೋ ಎಂದರು... ಗೋಲ್ಡನ್‌ವರೆಗೆ ನೆನಪಿದೆ, ಮುಂದಿನದು ಹೋಯಿತು. ಆಮೇಲೆ, "ಆಡೋರು ನೀವು, ಶನಿವಾರ ಬಂದು ಕೈಯೆತ್ತಿ ಹೇಳ್ರಪ್ಪಾ" ಎಂದರು.

ನಾನು ಯೋಚಿಸಿದ್ದೇನು ಗೊತ್ತೇ? ಅಲ್ಲಿ ಎದುರಾಳಿಗಳು ಎಂಥವರು ಎಂದಲ್ಲ. ಬೇಲೂರಿಗೆ ಬಸ್ಸು, ದುಡ್ಡು ಕೊಡಬೇಕು. ಮೈಸೂರಿಗೆ ರೈಲು, ಅಪ್ಪನ ಪಾಸು ಇದೆ. ಟೀಮಿನಲ್ಲಿದ್ದ ರೈಲ್ವೆ ಮನೆಯ ಹುಡುಗರೆಲ್ಲರದ್ದೂ ಇದೇ ಲೆಕ್ಕ. ಜಂಕ್ಷನ್ ಊರಿನ ಬುದ್ಧಿ!

ರಂಗಸ್ವಾಮಿ ಶನಿವಾರ ರಾಗಿ ಒಕ್ಕಣೆಗೆಂದು ಊರಿಗೆ ಹೊರಟ. ಬಸ್ಸು ಹತ್ತುತ್ತಾ, "ನನ್ ಓಟೂ ನೀನೇ ಹಾಕ್ಬುಡ್ಲಾ, ನಿಂಗೆಲ್ಲ ಗೊತ್ತೈತಲ್ಲ" ಎಂದ.

ಉಳಿದವರು ಹತ್ತು ಜನ. ನನ್ನದೂ ಸೇರಿ ಮೈಸೂರಿಗೆ ಐದು ಕೈ. ಕಪ್ ಹೋಗುತ್ತದೆ ಎಂದು ಹೆದರಿದವರದು ಐದು.

ನಾನು ಇನ್ನೊಂದು ಕೈಯನ್ನೂ ಎತ್ತಿಬಿಟ್ಟೆ.

"ಏನ್ರೀ ಸೆಕ್ರೆಟರಿ, ಪೊಲೀಸ್ನೋರೇನಾದ್ರೂ ಬಂದ್ರಾ?" ಎಂದು ಪ್ರಿನ್ಸಿಪಾಲರು ನಕ್ಕರು. "ಇದು ರಂಗಸ್ವಾಮಿದು ಸಾರ್" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮೈಸೂರಿನಲ್ಲಿ ಬೂಟು ಹಾಕಿಯೇ ಆಡಬೇಕು. ಓಡುವುದಿರಲಿ, ನಮಗೆ ನಡೆಯಲೂ ಬರಲಿಲ್ಲ. ಮೊದಲ ಪಂದ್ಯದಲ್ಲೇ ಏಳೋ ಎಂಟೋ ಗೋಲು ತಿಂದೆವು. ಬಿದ್ದೂ ಬಿದ್ದೂ ರಂಗಸ್ವಾಮಿಯ ಮೊಣಕೈ ಕಿತ್ತುಹೋಗಿತ್ತು. ಆ ವರ್ಷ ಒಂದನ್ನೂ ಗೆಲ್ಲಲಿಲ್ಲ.

ಆದರೆ ದುಡ್ಡು ಬಂತು ನೋಡಿ! ಹೊಸ ಚೆಂಡು, ಹೊಸ ಜರ್ಸಿ, ಮೈದಾನಕ್ಕೆ ಬೇಲಿ. ಮೈಸೂರಿನಲ್ಲಿ ಆಡುವ ಕಾಲೇಜು ಎಂದು ಮರುವರ್ಷ ಸೇರುವ ಹುಡುಗರೂ ಹೆಚ್ಚಾದರು. ಗೆಲ್ಲುತ್ತಿದ್ದಾಗ ಹರಿದ ಚೆಂಡು, ಸೋತ ಮೇಲೆ ಐಶ್ವರ್ಯ... ಇದು ಹೇಗೆ ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಕಪ್ ಇಲ್ಲ, ಹಾಗಾಗಿ ಮಾಫಿಯೂ ಇಲ್ಲ. ಬಂದ ದುಡ್ಡಿನಲ್ಲೇ ರಂಗಸ್ವಾಮಿಯ ಫೀಸು ಕಟ್ಟಬಹುದಲ್ಲ ಸಾರ್ ಎಂದು ಕೇಳಿದೆ. "ಅದು ಆಟದ ದುಡ್ಡಪ್ಪಾ, ಆಟಕ್ಕೇ ಹೋಗ್ಬೇಕು" ಎಂದರು ಪ್ರಿನ್ಸಿಪಾಲರು. ಅದೂ ಸರಿಯೇ ಅನ್ನಿಸಿತು. ಸರಿಯೇ?

ಜೂನ್‌ನಲ್ಲಿ ರಂಗಸ್ವಾಮಿ ಜರ್ಸಿ ಒಗೆದು, ಮಡಿಸಿ ತಂದುಕೊಟ್ಟ. "ಎಲ್ರೂ ಮೈಸೂರೇ ಬೇಕು ಅಂದ್ಮೇಲೆ ಏನ್ ಮಾಡಕಾಯ್ತದೆ. ರೈಲು ಬೋ ಚೆಂದಾಗೈತೆ ಕಣ್ಲಾ, ನಮ್ಮೂರ್ ಮೇಲೆ ಹೋಗಲ್ಲ ಅಷ್ಟೇಯ" ಎಂದು ನಕ್ಕ.

ಎಲ್ಲರೂ ಅನ್ನಲಿಲ್ಲ ಕಣೋ, ಐದೈದು ಸಮವಾಗಿತ್ತು, ನಿನ್ನ ಓಟಿನಿಂದಲೇ ಹೀಗಾಯಿತು... ಬಾಯಿಗೆ ಬಂತು. ಹೇಳಲಿಲ್ಲ. ಆಮೇಲೆ ಅವನು ಅರಸೀಕೆರೆಗೆ ಬರುವುದೇ ಕಡಿಮೆಯಾಯಿತು, ನಾನೂ ಹೋಗಲಿಲ್ಲ.

ನಿನ್ನೆಯ ಬರಹದ ಕೆಳಗೆ ಒಬ್ಬ ಹುಡುಗಿ ಕಾಮೆಂಟ್ ಹಾಕಿದ್ದಾಳೆ. ರಂಗಸ್ವಾಮಿಯ ಮೊಮ್ಮಗಳಂತೆ. "ಓದು ತಲೆಗೆ ಹತ್ತಲಿಲ್ಲ, ಅದಕ್ಕೇ ಕಾಲೇಜು ಬಿಟ್ಟೆ ಅಂತಾರೆ ತಾತ. ನಿಜಾನಾ ಸರ್?"

ಸುಳ್ಳು ಕಣಮ್ಮಾ. ಲೆಕ್ಕದಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದವನೇ ಅವನು.

ಬೆಳಿಗ್ಗೆಯಿಂದ ಇಷ್ಟು ಬರೆಯುವುದಕ್ಕೆ ಒದ್ದಾಡಿದ್ದೇನೆ. ಈಗ ನೋಡಿದರೆ ಹೊರಗೆ ಬೆಳಕು ಇಳಿಯುತ್ತಿದೆ, ತಂತಿಯ ಮೇಲೆ ಬಟ್ಟೆ ಹಾಗೇ ಇದೆ. ಎದ್ದೇಳಬೇಕು.

ಮಗೂ, ಇದನ್ನು ನಿನ್ನ ತಾತನಿಗೆ ನೀನೇ ಓದಿ ಹೇಳುತ್ತೀಯಾ, ಇಲ್ಲಾ ನಾನೇ ಜಾವಗಲ್ಲಿಗೆ ಬಂದು ಹೇಳಲಾ?