ಸ್ವತಂತ್ರಕ್ಕೆ ಬಿದ್ದ ಯ ಒತ್ತು

ನಾನು ಸ್ವತಂತ್ರ ಗಾಯಕಿ. ಸಿನೆಮಾದವರು ಕರೆದಿಲ್ಲ, ಯಾವ ಕಂಪನಿಯೂ ಹಿಂದೆ ಬಿದ್ದಿಲ್ಲ; ನನ್ನ ಹಾಡು ನಾನೇ ಬರೆದು, ನಾನೇ ರಾಗ ಕೂಡಿಸಿ, ನಾನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬಿಡುತ್ತೇನೆ ಎಂದು ಅದರ ಅರ್ಥ. ಬೈಲಹೊಂಗಲದ ನಮ್ಮ ಮನೆಯಲ್ಲಿ ಮಾತ್ರ ಆ ಅರ್ಥ ನಡೆಯುತ್ತಿರಲಿಲ್ಲ. “ಮೂರೂ ಹೊತ್ತು ನನ್ನ ಮನ್ಯಾಗ ಉಂಡು ಸ್ವತಂತ್ರ ಹೆಂಗ ಆದಿ?” ಎಂದು ಅಪ್ಪ ಕೇಳುತ್ತಿದ್ದ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದ ಮಾಸ್ತರ. ಮದುವೆ ಕಾರ್ಡು ಬಂದರೆ ಮೊದಲು ಕೆಂಪು ಪೆನ್ನಿನಿಂದ ತಪ್ಪು ತಿದ್ದುತ್ತಾನೆ, ಆಮೇಲೆ ಮದುವೆ ಯಾರದು ಎಂದು ನೋಡುತ್ತಾನೆ.

ಹಾಡು ಬಹಳ ಕಟ್ಟಿದ್ದೇನೆ, ನನ್ನ ಜೀವ ಇರುವುದು ಒಂದರಲ್ಲಿ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಅವ್ವ ನಿದ್ದೆಯಲ್ಲೇ ಹೋದಳು. ನಾನಾಗ ಧಾರವಾಡದಲ್ಲಿ ಸಂಗೀತದ ಕ್ಲಾಸು ತೆಗೆದುಕೊಳ್ಳುತ್ತಿದ್ದೆ. ಬಂದು ಮುಟ್ಟುವಷ್ಟರಲ್ಲಿ ಮನೆ ತುಂಬ ಜನ. ಆ ಮುಂಜಾನೆ ಏನಾಯಿತೆಂದು ಅಪ್ಪ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಧೈರ್ಯ ಇಲ್ಲದೆ, ರೊಟ್ಟಿ ಹಂಚು ಒಲೆಯ ಮೇಲಿಟ್ಟು ಅವ್ವನನ್ನು ಎಬ್ಬಿಸುವ ಹಾಡು ಕಟ್ಟಿದೆ: “ಏಳವ್ವ ಏಳ, ಹಂಚು ಕಾದೈತಿ.” ಅದನ್ನು ಒಂದೇ ಒಂದು ಸಲ ಮೊದಲಿನಿಂದ ಕೊನೆಯವರೆಗೆ ಅಪ್ಪನ ಮುಂದೆ ಹಾಡಬೇಕೆಂಬುದು ನನ್ನ ಆಸೆ. ಮನೆಯಲ್ಲಿ ಗುನುಗಿದರೆ ಸಾಕು, ಅಪ್ಪ ಎದ್ದು ಹಿತ್ತಲಿಗೆ ಹೋಗುತ್ತಾನೆ. ಕಾರ್ಯಕ್ರಮಕ್ಕೆ ಬಾ ಎಂದರೆ, “ಒಮ್ಮೆಯಾದ್ರೂ ಪೂರ್ತಿ ಹಾಡೀಯೇನು? ಅರ್ಧಾಮರ್ಧಾ ಕೇಳಾಕ ನಾ ಯಾಕ ಬರ್ಲಿ?” ಎನ್ನುತ್ತಾನೆ.

ಆ ಮಾತು ಸುಳ್ಳಲ್ಲ. ಪೂರ್ತಿ ಹಾಡಲು ಜನ ಬಿಟ್ಟಿದ್ದರೆ ತಾನೆ!

ನನಗೆ ಜೊತೆಯಾಗಿ ನುಡಿಸುವವನು ಸವದತ್ತಿಯ ಕ್ಲಾರಿಯೋನೆಟ್ ಕಾಕಾ. ಆಯುಷ್ಯವೆಲ್ಲ ಮದುವೆ ಬ್ಯಾಂಡಿನಲ್ಲಿ ಊದಿದವನು. ನನ್ನ ಹಾಡಿಗೆ ಅವನು ಊದಿದರೆ ಕಣ್ಣಲ್ಲಿ ನೀರು ಬರುತ್ತದೆ. ಅವನದೊಂದೇ ಐಬು. ಕೂತ ಜನ ಎದ್ದು ನಿಂತರೆ ಅವನ ಬೆರಳು ತಾವಾಗಿಯೇ ಬೀಗರ ಮೆರವಣಿಗೆಯ ಧಾಟಿಗೆ ಹೊರಳುತ್ತವೆ. ತಡೆಯಲು ಅವನಿಗೂ ಆಗುವುದಿಲ್ಲ. ಸಂಗೀತಕ್ಕೆ ಯಾರು ಎದ್ದು ನಿಲ್ಲುತ್ತಾರೆ ಬಿಡು ಎಂದು ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಹೋದ ವರ್ಷ ಕಿತ್ತೂರಿನ ಒಂದು ವಾಚನಾಲಯದವರು ಕರೆದರು. ಬ್ಯಾನರಿಗೆಂದು ನಮ್ಮೂರಿನ ಫ್ಲೆಕ್ಸ್ ಅಂಗಡಿಗೆ ವಾಟ್ಸಾಪಿನಲ್ಲಿ “ಸ್ವತಂತ್ರ ಗಾಯಕಿ” ಎಂದು ಬರೆದು ಕಳಿಸಿದೆ. ನಮ್ಮ ಮನೆಯಲ್ಲಿ ಅಪ್ಪನ ಕಣ್ಣು ದಾಟದೆ ಕಿರಾಣಿ ಚೀಟಿ ಕೂಡ ಹೊರಗೆ ಹೋಗುವುದಿಲ್ಲ. ಇದೊಂದನ್ನು ಮಾತ್ರ ಹಟಕ್ಕೆ ಬಿದ್ದು ತೋರಿಸಲಿಲ್ಲ. ಸ್ವತಂತ್ರಳಲ್ಲವೇ ನಾನು! ಸ್ಟೇಜಿನ ಮೇಲೆ ಹತ್ತಿ ಹಿಂದೆ ತಿರುಗಿ ನೋಡಿದರೆ ಮೊಳದಷ್ಟು ದೊಡ್ಡ ಅಕ್ಷರದಲ್ಲಿ “ಸ್ವಾತಂತ್ರ್ಯ ಗಾಯಕಿ” ಎಂದು ಬಿದ್ದಿತ್ತು.

ಬೇರೆ ಊರಾಗಿದ್ದರೆ ಯಾರೂ ಓದುತ್ತಿರಲಿಲ್ಲ. ಕಿತ್ತೂರಿನಲ್ಲಿ ಆ ಪದ ಕಂಡರೆ ಜನ ಕಾಲಲ್ಲಿನ ಚಪ್ಪಲಿ ಕಳಚುತ್ತಾರೆ. ನನಗೆ ಶಾಲು ಹೊದಿಸಿ, ತಲೆಗೆ ಬಿಳಿ ಟೊಪ್ಪಿಗೆ ಇಟ್ಟರು. ಒಬ್ಬ ಮುದುಕರು ಬಂದು ನನ್ನ ಕಾಲು ಮುಟ್ಟಿಯೇಬಿಟ್ಟರು. ನನಗೆ ಮೂವತ್ತೆಂಟು ವಯಸ್ಸು. ಲೆಕ್ಕ ಹಾಕಿ ನೋಡುವ ಪುಣ್ಯಾತ್ಮ ಆ ಸಭೆಯಲ್ಲಿ ಒಬ್ಬನೂ ಇರಲಿಲ್ಲ. ನಾನು ಮೈಕು ಹಿಡಿದು, “ತಪ್ಪಾಗೇತ್ರಿ, ನಾ ಸ್ವತಂತ್ರ ರೀ, ಸ್ವತಂತ್ರ!” ಎಂದು ಕೂಗಿದೆ. ಘೋಷಣೆ ಎಂದು ತಿಳಿದು ಎಲ್ಲರೂ “ಜೈ” ಎಂದರು.

ಹಾಡಿದರೆ ಗೊತ್ತಾದೀತೆಂದು ಶುರುಮಾಡಿದೆ. “ಏಳವ್ವ ಏಳ” ಎಂದದ್ದೇ ತಡ, ಸಭೆಗೆ ಸಭೆಯೇ ದಡಕ್ಕನೆ ಎದ್ದು ನಿಂತಿತು. ನನ್ನ ಅವ್ವ ಅವರ ಪಾಲಿಗೆ ದೇಶಮಾತೆಯಾಗಿದ್ದಳು. ಹಂಚು ಕಾದದ್ದು ಹೋರಾಟದ ಕಾವು ಎಂದುಕೊಂಡರೋ ಏನೋ, ಹಿಂದಿನ ಸಾಲಿನವರು ಸೆಲ್ಯೂಟ್ ಹೊಡೆದರು. ಕಣ್ಣು ಮುಚ್ಚಿ ಊದುತ್ತಿದ್ದ ಕಾಕಾ ಕಣ್ಣು ತೆರೆದ. ನಿಂತ ಜನರನ್ನು ಕಂಡ. ಅಷ್ಟೇ, ಮೆರವಣಿಗೆ ಧಾಟಿ! ಮುಂದಿನ ಸಾಲಿನವರು ಬಲಕ್ಕೆ ತಿರುಗಿ ಹೆಜ್ಜೆ ಹಾಕಿದರು, ಉಳಿದವರು ಅವರ ಬೆನ್ನು ಹತ್ತಿದರು, ಕಾಕಾ ಊದುತ್ತಲೇ ಅವರ ಮುಂದಾದ. ಮೆರವಣಿಗೆ ಬಸ್ ಸ್ಟ್ಯಾಂಡಿನವರೆಗೆ ಹೋಯಿತಂತೆ. ನಾನು ಟೊಪ್ಪಿಗೆ ಹಾಕಿಕೊಂಡು ಒಬ್ಬಳೇ ನಿಂತಿದ್ದೆ. ಜಮಖಾನೆ ಸುತ್ತುತ್ತಿದ್ದವನು, “ಇಷ್ಟ ಶಿಸ್ತಿಲೆ ಯಾವ ಕಾರ್ಯಕ್ರಮನೂ ಮುಗದಿದ್ದಿಲ್ರಿ ಅಕ್ಕಾರ” ಎಂದು ಮೆಚ್ಚಿಕೊಂಡ.

ಆ ಬ್ಯಾನರು ಹರಿದುಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಫ್ಲೆಕ್ಸಿನವನ ಕಂಪ್ಯೂಟರಿನಲ್ಲಿ ಅದು ಹಾಗೇ ಕೂತಿತ್ತು. ಮುಂದೆ ಮನೋಳಿಯವರು ಕರೆದಾಗ ನನಗೆ ಗೊತ್ತಿಲ್ಲದೆಯೇ ಅದನ್ನೇ ತರಿಸಿಕೊಂಡು ಕಟ್ಟಿದ್ದರು. ಒಬ್ಬ ಅಜ್ಜಿ ನನ್ನ ಗಲ್ಲ ಸವರಿ, “ಎಷ್ಟ ವರ್ಷ ಜೇಲಿನ್ಯಾಗ ಇದ್ದೆವ್ವಾ?” ಎಂದು ಕೇಳಿದಳು. ಸಿಟ್ಟಿನಲ್ಲಿ, “ಮೂವತ್ತೆಂಟು” ಅಂದೆ. ಅಜ್ಜಿ ಅತ್ತುಬಿಟ್ಟಳು. ಒಂದು ಪುಟ್ಟಿ ಬದನೆಕಾಯಿ ತಂದುಕೊಟ್ಟಳು. ಅಲ್ಲಿಯೂ ಜನ ಎದ್ದರು, ಅಲ್ಲಿಯೂ ಮೆರವಣಿಗೆ ಹೊರಟಿತು. ಮೆರವಣಿಗೆ ಧಾಟಿ ಊದುವುದಿಲ್ಲ ಎಂದು ಕಾಕಾ ನನಗೆ ಆಣೆ ಮಾಡಿದ್ದ. “ನಾ ಕೇಳತೇನಿ ತಂಗಿ, ಬಳ್ಳು ಕೇಳಂಗಿಲ್ಲ” ಎಂದು ತನ್ನ ಬೆರಳುಗಳನ್ನೇ ತೋರಿಸಿದ.

ಮರುದಿನ ಫ್ಲೆಕ್ಸ್ ಅಂಗಡಿಗೆ ಹೋಗಿ ಜಗಳಕ್ಕೆ ನಿಂತೆ. ಅಂಗಡಿಯವನು ಶಾಂತನಾಗಿ ನನ್ನದೇ ಮೆಸೇಜು ತೆಗೆದು ತೋರಿಸಿದ.

“ನೀವು ‘ಸ್ವತಂತ್ರ’ ಅಂತ ತಪ್ಪ ಬರದಿದ್ರಿ ಅಕ್ಕಾರ. ದೀರ್ಘ ಬಿಟ್ಟಿದ್ರಿ, ಯ ಒತ್ತು ಬಿಟ್ಟಿದ್ರಿ. ನಾನ ಸರಿ ಮಾಡೇನ್ರಿ. ಎಂಟನೇ ಕ್ಲಾಸಿನ್ಯಾಗ ಆ ಯ ಒತ್ತು ಮರತು ನಿಮ್ಮ ಅಪ್ಪಾರ ಕಡೆ ಹನ್ನೆರಡು ಛಡಿ ಏಟು ತಿಂದೇನಿ. ಸಾಯೂತನಾ ಮರಿಯೂದಿಲ್ರಿ.”

ಅವನು ಅಂಗೈ ಚಾಚಿ ತೋರಿಸಿದ. ನಾನು ಮನೆಗೆ ತಿರುಗಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಮೆರವಣಿಗೆಗೆ ನಗಲಿಲ್ಲ, ಜೇಲಿಗೂ ನಗಲಿಲ್ಲ. ಛಡಿಯ ಮಾತಿಗೆ ಬಂದಾಗ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಸಿದ. “ಸ್ವತಂತ್ರ, ಸ್ವಾತಂತ್ರ್ಯ ಎರಡೂ ಸರೀನ ಅದಾವ. ಒಂದು ಗುಣ ಹೇಳತೈತಿ, ಇನ್ನೊಂದು ಸ್ಥಿತಿ ಹೇಳತೈತಿ. ಅದನ್ನ ನಾ ಬಿಡಿಸಿ ಹೇಳಬೇಕಿತ್ತು. ಬರೇ ಹೊಡದೆ” ಎಂದ. ತುತ್ತು ಮತ್ತೆ ಎತ್ತಿಕೊಂಡು, “ಮುಂದಿನದು ಎಲ್ಲಿ?” ಎಂದು ಕೇಳಿದ. ರಾಮದುರ್ಗ, ಬ್ಯಾನರು ಆಗಲೇ ಹೋಗಿದೆ ಎಂದೆ. “ಬರತೇನಿ. ಹಾಡಿಗಲ್ಲ, ತಪ್ಪು ತಿದ್ದಾಕ” ಎಂದ.

ರಾಮದುರ್ಗದಲ್ಲಿ ಬಸ್ಸಿಳಿದವನೇ ಔಷಧ ಅಂಗಡಿಗೆ ಹೋಗಿ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯ ಸುರುಳಿ ಕೊಂಡ. ನಾವು ಹೋಗುವಷ್ಟರಲ್ಲಿ ಸಭೆ ತುಂಬಿತ್ತು, ಅಧ್ಯಕ್ಷರು ಅವಸರ ಮಾಡುತ್ತಿದ್ದರು. ನಾನು ಮೈಕಿನ ಮುಂದೆ ಕೂತೆ. ಹಿಂದೆ ಅಪ್ಪ ನಿಚ್ಚಣಿಕೆ ಇಟ್ಟು ಬ್ಯಾನರಿನ ಕಡೆ ಹತ್ತಿದ.

“ಏಳವ್ವ ಏಳ” ಎಂದು ಎತ್ತಿಕೊಂಡೆ. ಯಾರೂ ಏಳಲಿಲ್ಲ! ಎಲ್ಲರ ಕಣ್ಣೂ ನಿಚ್ಚಣಿಕೆಯ ಮೇಲೆ. ಮುದುಕ ಬೀಳುತ್ತಾನೋ ಇಲ್ಲವೋ ನೋಡದೆ ಎದ್ದುಹೋಗುವ ಜನ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅಪ್ಪ ಮೊದಲು ಯ ಒತ್ತಿಗೆ ಪಟ್ಟಿ ಬಡಿದ. ಆಮೇಲೆ ದೀರ್ಘಕ್ಕೆ. ದೀರ್ಘ ಮುಚ್ಚಿದ ಮೇಲೆ ಸಕಾರ ತಲೆಕಟ್ಟಿಲ್ಲದೆ ಬೋಳಾಯಿತೆಂದು ಜೇಬಿನಿಂದ ಪೆನ್ನು ತೆಗೆದು ತಲೆಕಟ್ಟು ಎಳೆಯತೊಡಗಿದ. ನಿಚ್ಚಣಿಕೆ ಅಲ್ಲಾಡಿದಾಗಲೆಲ್ಲ ಸಭೆ “ಅಯ್ಯಯ್ಯೋ” ಎನ್ನುತ್ತಿತ್ತು. ಅದೂ ತಾಳಕ್ಕೆ ಸರಿಯಾಗಿ ಬರುತ್ತಿತ್ತು. ಜನ ಕೂತೇ ಇದ್ದರು, ಕಾಕಾನ ಬೆರಳು ದಾರಿ ಬಿಡಲಿಲ್ಲ. ಹಾಡು ಕೊನೆಯ ಸಾಲು ಮುಟ್ಟಿತು: “ಎಬ್ಬಸಾಕ ಯಾರಿದ್ದಿಲ್ಲ, ಹಂಚು ಆರೈತಿ.” ಹಿಂದೆ ಪೆನ್ನಿನ ಸದ್ದು ನಿಂತದ್ದು ನನಗೆ ಕೇಳಿಸಿತು. ಚಪ್ಪಾಳೆ ಬಿತ್ತು, ಅದು ಅಪ್ಪ ಕ್ಷೇಮವಾಗಿ ಇಳಿದದ್ದಕ್ಕೆ.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತ. ಕಾಕಾ ಸವದತ್ತಿಯಲ್ಲಿ ಇಳಿದುಹೋದ. ಆಮೇಲೆ ಅಪ್ಪ, “ಕಡೀ ಸಾಲು ತಪ್ಪೈತಿ” ಎಂದ.

“ಯಾವ ಅಕ್ಷರ?”

“ಅಕ್ಷರಲ್ಲ. ‘ಎಬ್ಬಸಾಕ ಯಾರಿದ್ದಿಲ್ಲ’ ಅಂತಿ. ನಾ ಇದ್ದೆ ಮಗಳ. ಮೂರು ಸಲ ಕರದೆ.”

ಬಸ್ಸು ಎರಡು ಊರು ದಾಟಿತು. “ಮತ್ತ ನನಗ್ಯಾಕ ಹೇಳಲಿಲ್ಲಪ್ಪಾ?” ಎಂದು ಕೇಳಿದೆ.

“ನೀ ಕೇಳಲಿಲ್ಲ” ಅಂದ. ಜೇಬಿನಿಂದ ಕೆಂಪು ಪೆನ್ನು ತೆಗೆದು ನನ್ನ ಕೈಗೆ ಕೊಟ್ಟ.

ಈಗ ಕೊನೆಯ ಸಾಲಿನಲ್ಲಿ ಅಪ್ಪ ಮೂರು ಸಲ ಕರೆಯುತ್ತಾನೆ. ಪ್ರಾಸ ಕೆಟ್ಟಿತು, ಊದಲು ಉಸಿರು ಸಾಲುವುದಿಲ್ಲ ಎಂದು ಕಾಕಾ ಗೊಣಗುತ್ತಾನೆ. ಕೆಡಲಿ, ನಾನು ತಿದ್ದುವುದಿಲ್ಲ.