ಲೀನಾ ಟೀಚರ್ ಅವರ ಸ್ವರ

ಲೀನಾ ಟೀಚರ್, ನಿಮ್ಮ ಸ್ವರ ಹೋಗಿರಲಿಲ್ಲ. ಹೋಗಿದೆ ಎಂದು ನಿಮ್ಮನ್ನು ನಂಬಿಸಿದವನು ನಾನು — ನಿಮ್ಮ ಹೆಡ್‌ಮಾಸ್ಟರ್.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಿದುಳು ಜ್ವರದಿಂದ ಮಣಿಪಾಲದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ನೀವು ನಮ್ಮ ಕಾಪುವಿನ ಶಾಲೆಗೆ ಮರಳಿದಾಗ ಎರಡೂ ಕಿವಿ ಕೇಳುತ್ತಿರಲಿಲ್ಲ. ಮಾತು ಸ್ಪಷ್ಟವಾಗಿಯೇ ಇತ್ತು. ಆದರೆ ಎಷ್ಟು ಗಟ್ಟಿಯಾಗಿ ಆಡುತ್ತಿದ್ದೀರಿ ಎಂಬುದು ನಿಮಗೇ ತಿಳಿಯುತ್ತಿರಲಿಲ್ಲ. ಪಾಠ ನಡೆದಂತೆ ಸ್ವರ ಏರುತ್ತಾ ಹೋಗಿ ಕೂಗಾಗುತ್ತಿತ್ತು. ಪಕ್ಕದ ತರಗತಿಯ ಶೆಟ್ಟಿ ಮಾಸ್ಟ್ರು ದಿನವೂ ದೂರುತ್ತಿದ್ದರು: "ಸರ್, ಟೀಚರ್ ಆಚೆ ಮಗ್ಗಿ ಕೇಳಿದರೆ ನನ್ನ ಮಕ್ಕಳು ಈಚೆ ಉತ್ತರ ಕೊಡ್ತಾರೆ ಮಾರಾಯ್ರೆ!"

ಉಪಾಯ ಹೇಳಿದವರು ನೀವೇ. ನಾನು ಪ್ರತಿ ಪಿರಿಯಡ್ ಸುತ್ತು ಬರುವಾಗ ಕಿಟಕಿಯಲ್ಲಿ ಅಂಗೈ ತೋರಿಸಬೇಕು — ಇಳಿಸಿದರೆ ಸ್ವರ ತಗ್ಗಿಸಬೇಕು, ಎತ್ತಿದರೆ ಏರಿಸಬೇಕು, ಅಲುಗಿಸದೆ ಹಿಡಿದರೆ ಸರಿ ಇದೆ ಎಂದರ್ಥ. ನಿಮ್ಮ ಕಿವಿಯ ಕೆಲಸವನ್ನು ನನ್ನ ಕೈಗೆ ಒಪ್ಪಿಸಿದಿರಿ. ನಾಲ್ಕು ತಿಂಗಳು ಅದು ಚೆನ್ನಾಗಿಯೇ ನಡೆಯಿತು.

ಇನ್‌ಸ್ಪೆಕ್ಟರ್ ಬಂದ ದಿನ ನಾನು ಹಿಂದಿನ ಬೆಂಚಿನ ಬಳಿ ನಿಂತಿದ್ದೆ. ನಿಮ್ಮ ಸ್ವರ ತುಸು ಜೋರಿತ್ತು, ಅಷ್ಟೇ. ಕೈ ಇಳಿಸಿದೆ. ತಗ್ಗಿಸಿದಿರಿ — ಅಷ್ಟು ಸಾಕಿತ್ತು. ಶಾಲೆಗೆ ಕೆಟ್ಟ ಹೆಸರು ಬಾರದಿರಲೆಂದು ಇನ್ನೊಮ್ಮೆ ಇಳಿಸಿದೆ. ಮತ್ತೊಮ್ಮೆ. ಕೊನೆಗೆ ತುಟಿ ಮಾತ್ರ ಅಲುಗುತ್ತಿತ್ತು. ಮುಂದಿನ ಸಾಲಿನ ಹುಡುಗಿ, "ಟೀಚರ್, ಕೇಳುವುದಿಲ್ಲ" ಎಂದಳು. ನಿಮಗೆ ಹೇಗೆ ತಿಳಿಯಬೇಕು? ಇನ್‌ಸ್ಪೆಕ್ಟರ್ ನನ್ನತ್ತ ತಿರುಗಿದರು: "ಎಂತ ಮಾಸ್ಟ್ರೇ, ಇವರಿಗೆ ಸ್ವರವೇ ಇಲ್ಲವಾ?"

ನೀವು ನನ್ನ ಕೈಯನ್ನೇ ನೋಡುತ್ತಿದ್ದಿರಿ. ಎತ್ತಿದ್ದರೆ ಆಗುತ್ತಿತ್ತು. ಆದರೆ ಆ ಗಳಿಗೆಯಲ್ಲಿ ಒಂದು ಯೋಚನೆ — ಇವರು ಪಾಠ ಬಿಟ್ಟರೆ ದಿನದ ಈ ದೂರು, ಈ ಸದ್ದು... ನನಗೆ ನನ್ನ ಶಾಲೆ ಅಚ್ಚುಕಟ್ಟಾಗಿ ನಡೆಯಬೇಕಿತ್ತು. ಅಂಗೈಯನ್ನು ಅಲುಗಿಸದೆ ಹಿಡಿದೆ. ನೀವು ನಕ್ಕು, ಸದ್ದೇ ಇಲ್ಲದೆ ಪಾಠ ಮುಂದುವರಿಸಿದಿರಿ.

ಇನ್‌ಸ್ಪೆಕ್ಟರ್ ವರದಿಯ ಮೇಲೆ ನಿಮ್ಮನ್ನು ತರಗತಿಯಿಂದ ತೆಗೆದು ಶಾಲೆಯ ಕಚೇರಿಯಲ್ಲಿ ಕೂರಿಸಿದರು. ಏಕೆ ಎಂದು ನೀವು ಕೇಳಿದಾಗ ಕೈಯ ವಿಷಯ ಹೇಳುವ ಧೈರ್ಯ ನನಗಿರಲಿಲ್ಲ. ಚೀಟಿಯಲ್ಲಿ ಬರೆದೆ: "ಜ್ವರದಿಂದ ನಿಮ್ಮ ಸ್ವರವೂ ಹೋಗಿದೆ." ಅದಾದ ಮೇಲೆ ನೀವು ಶಾಲೆಯಲ್ಲಿ ಬಾಯಿ ತೆರೆದದ್ದನ್ನು ನಾನು ಕಾಣಲಿಲ್ಲ.

ನಿವೃತ್ತನಾಗಿ ಪರ್ಕಳಕ್ಕೆ ಬಂದ ಮೇಲೆ, ಉಡುಪಿಯ ಬಸ್ ನಿಲ್ದಾಣದಲ್ಲಿ ನಿಮ್ಮ ಗಂಡ ಹೆನ್ರಿ ಸಿಕ್ಕಿದರು. "ಮನೆಯಲ್ಲಿ ಸಹ ಮಾತಿಲ್ಲ ಸರ್. ಮಗಳನ್ನು ಕರೆಯಲಿಕ್ಕೆ ಚಪ್ಪಾಳೆ ತಟ್ಟುತ್ತಾಳೆ. ಸ್ವರ ಉಂಟು ಅಂತ ನಾನು ಬರೆದರೆ ನಂಬುವುದಿಲ್ಲ. ನಿಮ್ಮ ಚೀಟಿ ತೋರಿಸುತ್ತಾಳೆ. ಹೆಡ್‌ಮಾಸ್ಟ್ರು ಸುಳ್ಳು ಬರೆಯುವ ಜನ ಅಲ್ಲ ಅಂತೆ."

ಅಲ್ಲಿಯೇ ಹೇಳಬಹುದಿತ್ತು. ಪರ್ಕಳದ ಮೇಲೆ ಹೋಗುವ ಕಾರ್ಕಳದ ಬಸ್ಸು ಬಂತು. "ಬರುತ್ತೇನೆ" ಎಂದು ಹತ್ತಿಬಿಟ್ಟೆ. ಅದಾಗಿ ಎರಡು ವರ್ಷ ಕಳೆಯಿತು.

ಈ ಭಾನುವಾರ ನೀವು ಇಗರ್ಜಿಯ ಪೂಜೆ ಮುಗಿಸಿ ಮರಳುವ ಹೊತ್ತಿಗೆ ಈ ಕಾಗದ ಹಿಡಿದು ನಿಮ್ಮ ಬಾಗಿಲಲ್ಲಿ ನಿಂತಿರುತ್ತೇನೆ. ಓದಿ, ಕೂಗಿ ಬೈಯಿರಿ — ಬೀದಿಗೆಲ್ಲ ಕೇಳಲಿ. ಏನೂ ಹೇಳದೆ ಬಾಗಿಲು ಹಾಕಿಕೊಂಡರೆ, ಆ ಮೌನವೂ ನಾನು ಕೊಟ್ಟದ್ದೇ.